ಹೊಸೂರಿನಲ್ಲಿ ಹೊಸದೇನು? ವಾಚು, ಮೊಪೆಡ್, ಚಿನ್ನ ಮತ್ತು ಉದ್ಯಮದಲ್ಲಿ ಸ್ವಂತಿಕೆಯ ಪ್ರಶ್ನೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡು, ಪುನರಾವರ್ತನೆಗಳನ್ನು ಮಾತ್ರ ತೆಗೆಯಲಾಗಿದೆ. ಕೊನೆಯಲ್ಲಿ ನಡೆದ ಚರ್ಚೆಯಿಂದ ಮೂರು ಪ್ರಶ್ನೆಗಳನ್ನು ಆರಿಸಿ ಸೇರಿಸಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ಹೊಸೂರು, ಬಾಗಲೂರು, ತಳಿ, ದೆಂಕಣಿಕೋಟೆ, ಕೃಷ್ಣಗಿರಿ ಕಡೆಯಿಂದ ಸಾಕಷ್ಟು ಜನ ಸೇರಿದ್ದೀರಿ, ಬೆಂಗಳೂರಿನವರೂ ಇದ್ದೀರಿ. ನಾನು ಇವತ್ತು ಮಾತಾಡಬೇಕಾದ ವಿಷಯ ನಮ್ಮ ಗಡಿಭಾಗದ ಕೈಗಾರಿಕಾ ಇತಿಹಾಸ. ಅದನ್ನು ಒಂದು ಸಣ್ಣ ಘಟನೆಯಿಂದ ಶುರು ಮಾಡ್ತೀನಿ.

ಪ್ರಶ್ನೆ ಹುಟ್ಟಿದ್ದು

ಕೆಲವು ವರ್ಷಗಳ ಹಿಂದೆ ತಳಿ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಮನೆಯಲ್ಲಿ ರಾಗಿ ಬೆಳೀತಾರೆ. ಅಜ್ಜಿ ಮಾಡ್ತಿದ್ದ ಹುರಿಹಿಟ್ಟನ್ನೇ ಚೆನ್ನಾಗಿ ಪ್ಯಾಕ್ ಮಾಡಿ ಮಾರುವ ಒಂದು ಸಣ್ಣ ಘಟಕ ಹಾಕಬೇಕು ಅನ್ನೋದು ಅವಳ ಯೋಜನೆ. ಉದ್ಯಮ ಆರಂಭಿಸುವವರಿಗಾಗಿ ನಡೆಸಿದ ಒಂದು ಸ್ಪರ್ಧೆಗೆ ಹೋದಳು. ಅಲ್ಲಿ ಕೂತವರು ಕೇಳಿದ ಮೊದಲ ಪ್ರಶ್ನೆ, 'ಇದರಲ್ಲಿ ಹೊಸದೇನಿದೆ? ರಾಗಿ ಮಾಲ್ಟು ಎಲ್ಲಾ ಅಂಗಡಿಯಲ್ಲೂ ಸಿಗುತ್ತಲ್ಲಮ್ಮ?' ಅವಳಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಜನೆಯನ್ನೇ ಕೈಬಿಟ್ಟಳು.

ಆ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೊರೀತಾ ಇದೆ. ಉದ್ಯಮ ಶುರು ಮಾಡೋಕೆ ಯಾರೂ ಯೋಚಿಸದ ಕಲ್ಪನೆಯೇ ಬೇಕಾ? ಈಗಾಗಲೇ ಇರೋದನ್ನ ಇನ್ನೊಂಚೂರು ಚೆನ್ನಾಗಿ ಮಾಡಿದರೆ ಅದು ಉದ್ಯಮ ಅಲ್ವಾ? ಇದಕ್ಕೆ ಉಪದೇಶದ ಉತ್ತರ ಬೇಕಾದಷ್ಟು ಸಿಗುತ್ತೆ. ನಾನು ಇತಿಹಾಸದ ಮೇಷ್ಟ್ರು, ಹಾಗಾಗಿ ನಮ್ಮ ಊರಿನ ದಾಖಲೆಯನ್ನೇ ತೆರೆದು ನೋಡೋಣ ಅನ್ನಿಸಿತು. ಅದಕ್ಕೆ ಹೊಸೂರಿಗಿಂತ ಒಳ್ಳೆಯ ಜಾಗ ಇಲ್ಲ.

ಹೊಸ ಊರು, ಹಳೆ ಊರು

ಮೊದಲು ಹೆಸರನ್ನೇ ನೋಡಿ. ಹೊಸೂರು ಅಂದ್ರೆ ಹೊಸ ಊರು. ಕರ್ನಾಟಕದಲ್ಲೂ ಈ ಹೆಸರಿನ ಊರುಗಳು ಬೇಕಾದಷ್ಟಿವೆ. ಪಕ್ಕದಲ್ಲಿ ಒಂದು ಹಳೆ ಊರು ಇದ್ದರೆ ತಾನೇ ಹೊಸ ಊರು ಅನ್ನುವ ಹೆಸರು ಬರೋದು? ಹಳೆಯದರ ಪಕ್ಕದಲ್ಲೇ, ಹಳೆಯದರ ಜನ, ನೀರು, ದಾರಿ ಇಟ್ಟುಕೊಂಡೇ ಹೊಸ ಊರು ಬೆಳೆಯುತ್ತೆ. ನಮ್ಮ ಊರಿನ ಕೈಗಾರಿಕೆಯ ಕಥೆಯೂ ಹೀಗೆಯೇ ನಡೆದಿದೆ.

1956ರ ರಾಜ್ಯ ಪುನರ್ವಿಂಗಡಣೆಯಾದ ಮೇಲೂ ಹೊಸೂರು ತಾಲೂಕು ಸೇಲಂ ಜಿಲ್ಲೆಯಲ್ಲೇ, ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾದಾಗ ಅದಕ್ಕೆ ಸೇರಿತು, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಮನೆಯಲ್ಲಿ ಕನ್ನಡವೋ ತೆಲುಗೋ, ಕಚೇರಿಯಲ್ಲಿ ತಮಿಳು. ಮಳೆ ನಂಬಿದ ರಾಗಿ, ಹುರುಳಿ ಬೇಸಾಯ. ಚೆನ್ನೈ ಸುಮಾರು 300 ಕಿಲೋಮೀಟರ್ ದೂರ, ಬೆಂಗಳೂರು ಬರೀ 40.

ಈ 40 ಕಿಲೋಮೀಟರನ್ನು ತಮಿಳುನಾಡು ಸರ್ಕಾರ ಚೆನ್ನಾಗಿ ಬಳಸಿಕೊಂಡಿತು. 1971ರಲ್ಲಿ ಸಿಪ್‌ಕಾಟ್ ಅನ್ನೋ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಆ ದಶಕದಲ್ಲೇ ಹೊಸೂರಿನಲ್ಲಿ ಜಮೀನು, ರಸ್ತೆ, ಕರೆಂಟು ಎಲ್ಲಾ ಸೇರಿಸಿ ಕೈಗಾರಿಕಾ ಪ್ರದೇಶ ಮಾಡಿದರು. ಹಿಂದುಳಿದ ಪ್ರದೇಶದಲ್ಲಿ ಕಾರ್ಖಾನೆ ಹಾಕೋರಿಗೆ ಆಗ ರಿಯಾಯಿತಿಗಳೂ ಇದ್ದವು. ಕೈಗಾರಿಕಾ ಪ್ರದೇಶ ಅನ್ನೋ ಕಲ್ಪನೆ ಹೊಸದಾಗಿರಲಿಲ್ಲ. ಚೆನ್ನೈನ ಗಿಂಡಿಯಲ್ಲಿ 1958ರಲ್ಲೇ ಇತ್ತು, ಬೆಂಗಳೂರಿನ ಪೀಣ್ಯ ನಮಗೆಲ್ಲ ಗೊತ್ತೇ ಇದೆ. ಹೊಸೂರಿನಲ್ಲಿ ಆದ ಬದಲಾವಣೆ ಒಂದೇ. ಅದನ್ನು ತಮ್ಮ ರಾಜಧಾನಿಯಿಂದ ದೂರ, ಪಕ್ಕದ ರಾಜ್ಯದ ರಾಜಧಾನಿಯ ಬಾಗಿಲಲ್ಲಿ ಹಾಕಿದರು. ಬೆಂಗಳೂರಿನ ಎಂಜಿನಿಯರು, ಬೆಂಗಳೂರಿನ ವಿಮಾನ, ಬೆಂಗಳೂರಿನ ಪೇಟೆ, ಎಲ್ಲಾ ಕೈಗೆಟುಕುವಷ್ಟು ಹತ್ತಿರ. ಜಮೀನು ಮತ್ತು ರಿಯಾಯಿತಿ ಮಾತ್ರ ತಮಿಳುನಾಡಿನದು. ಇದ್ದ ಕಲ್ಪನೆಗೆ ಜಾಗ ಬದಲಿಸಿದ್ದೇ ಸುಧಾರಣೆ. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಇಲ್ಲಿ ಲಾರಿ ಮಾಡ್ತಾ ಇತ್ತು.

ಜಾಲಹಳ್ಳಿಯಿಂದ ಹೊಸೂರಿಗೆ: ವಾಚಿನ ಕಥೆ

ಈಗ ಮುಖ್ಯ ಕಥೆಗೆ ಬರೋಣ. ಭಾರತದಲ್ಲಿ ವಾಚು ಅಂದ್ರೆ ಬಹಳ ಕಾಲ ಎಚ್‌ಎಂಟಿ. 1953ರಲ್ಲಿ ಯಂತ್ರೋಪಕರಣಗಳಿಗಾಗಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಕಾರದಿಂದ ವಾಚು ಮಾಡೋಕೆ ಶುರು ಮಾಡಿತು. ಜನತಾ, ಪೈಲಟ್, ಕಾಂಚನ್... ಹೆಸರು ಕೇಳಿದರೆ ನಮ್ಮ ಅಪ್ಪಂದಿರ ಮುಖ ಅರಳುತ್ತೆ. ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತಿಯಾದ ಮೇಷ್ಟ್ರಿಗೆ, ಎಲ್ಲರಿಗೂ ಎಚ್‌ಎಂಟಿಯೇ.

ಎಚ್‌ಎಂಟಿ ಕೂಡ ವಾಚನ್ನು ಕಂಡುಹಿಡಿದಿರಲಿಲ್ಲ. ಜಪಾನಿನ ವಿದ್ಯೆ ತಂದು, ಹೊರದೇಶದ ವಾಚು ಕೊಳ್ಳಲಾಗದ ಜನರ ಕೈಗೆ ವಾಚು ಕಟ್ಟಿತು. ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ. ಎಚ್‌ಎಂಟಿಯನ್ನು ಹಳತು, ಟೈಟನ್ನನ್ನು ಹೊಸತು ಅಂತ ಎರಡು ಗೆರೆ ಎಳೆದು ಬಿಡೋದು ಸುಲಭ, ಆದರೆ ಅದು ಇತಿಹಾಸ ಆಗೋದಿಲ್ಲ. ಎಚ್‌ಎಂಟಿ ತನ್ನ ಕಾಲದ ಟೈಟನ್ ಆಗಿತ್ತು.

ಅಷ್ಟರಲ್ಲಿ ಹೊರಗಿನ ಜಗತ್ತಿನಲ್ಲಿ ಒಂದು ಬದಲಾವಣೆ ಆಯಿತು. 1969ರ ಕೊನೆಯಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸುರುಳಿ ಸ್ಪ್ರಿಂಗಿನ ಬದಲು ಸಣ್ಣ ಸೆಲ್ಲು. ಅದರ ವಿದ್ಯುತ್ತಿನಿಂದ ಕ್ವಾರ್ಟ್ಜ್ ಹರಳು ಒಂದೇ ಲೆಕ್ಕದಲ್ಲಿ ಕಂಪಿಸುತ್ತೆ, ಆ ಕಂಪನವನ್ನು ಎಣಿಸಿ ಮುಳ್ಳು ತಿರುಗುತ್ತೆ. ದಿನಾ ಕೀ ಕೊಡೋ ಕೆಲಸ ಇಲ್ಲ, ಸಮಯ ಬಹಳ ನಿಖರ. ಸ್ವಿಟ್ಜರ್ಲೆಂಡಿನ ಪ್ರಯೋಗಾಲಯದಲ್ಲೂ ಕ್ವಾರ್ಟ್ಜ್ ವಾಚಿನ ಮಾದರಿ ಅದಕ್ಕೆ ಮೊದಲೇ ತಯಾರಾಗಿತ್ತು. ಮಾದರಿ ಮಾಡಿದವರು ಸುಮ್ಮನೆ ಕೂತರು, ಪೇಟೆಗೆ ತಂದವರು ಗೆದ್ದರು. ಸ್ವಿಸ್ ವಾಚು ಉದ್ಯಮ ನೆಲಕಚ್ಚಿತು. ಮತ್ತೆ ಅವರು ಎದ್ದಿದ್ದು 1983ರಲ್ಲಿ ಸ್ವಾಚ್ ಮೂಲಕ, ಕ್ವಾರ್ಟ್ಜ್ ವಾಚನ್ನೇ ಬರೀ 51 ಬಿಡಿಭಾಗಗಳಿಗೆ ಇಳಿಸಿ, ಅಗ್ಗ ಮಾಡಿ, ಬಣ್ಣ ಹಚ್ಚಿ.

ಈ ಹಿನ್ನೆಲೆಯಲ್ಲಿ 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಸೇರಿ ಟೈಟನ್ ಕಂಪನಿ ಕಟ್ಟಿದವು. ಹೆಸರಿನಲ್ಲೇ ಎರಡೂ ಕಡೆಯ ಗುರುತು ಸೇರಿದೆ ಅಂತಾರೆ: ಟಾಟಾ ಇಂಡಸ್ಟ್ರೀಸ್‌ನ 'ಟಿಐ', ತಮಿಳುನಾಡಿನ 'ಟಿಎಎನ್'. ಮುಂದೆ ನಿಂತು ನಡೆಸಿದವರು ಜೆರ್ಕ್ಸೆಸ್ ದೇಸಾಯಿ. ಅವರು ಬಂದದ್ದು ಟಾಟಾ ಪ್ರೆಸ್‌ನಿಂದ, ಅಂದ್ರೆ ಮುದ್ರಣದ ಕಡೆಯಿಂದ. ವಾಚಿನ ಯಂತ್ರಕ್ಕೆ ಫ್ರಾನ್ಸಿನ ಫ್ರಾನ್ಸ್ ಎಬೋಶ್ ಕಂಪನಿಯ ಸಹಕಾರ ಪಡೆದರು. 1987ರಲ್ಲಿ ಹೊಸೂರಿನಿಂದ ವಾಚುಗಳು ಪೇಟೆಗೆ ಬಂದವು.

ಈಗ ಸ್ಪರ್ಧೆಯ ತೀರ್ಪುಗಾರರ ಪ್ರಶ್ನೆ ಕೇಳೋಣ. ಇದರಲ್ಲಿ ಹೊಸದೇನಿತ್ತು? ವಾಚು ಹೊಸದಲ್ಲ. ಕ್ವಾರ್ಟ್ಜ್ ಹೊಸದಲ್ಲ, ಎಚ್‌ಎಂಟಿ ಕೂಡ ಟೈಟನ್‌ಗಿಂತ ಮೊದಲೇ ಕ್ವಾರ್ಟ್ಜ್ ವಾಚು ತಂದಿತ್ತು. ತಂತ್ರಜ್ಞಾನ ಫ್ರಾನ್ಸಿನದು. ಕೆಲಸ ಬಲ್ಲವರಲ್ಲಿ ಎಚ್‌ಎಂಟಿಯಲ್ಲಿ ಪಳಗಿದವರೂ ಇದ್ದರು. ಸ್ಪರ್ಧೆಯಾಗಿದ್ದರೆ ಟೈಟನ್ ಮೊದಲ ಸುತ್ತಲ್ಲೇ ಮನೆಗೆ ಹೋಗ್ತಿತ್ತು.

ಅವರು ನೋಡಿದ್ದು ಬೇರೆ ಕಡೆ. ಆ ಕಾಲದಲ್ಲಿ ವಾಚು ಕೊಳ್ಳೋದು ಹೇಗಿತ್ತು ನೆನಪು ಮಾಡ್ಕೊಳ್ಳಿ. ಸಣ್ಣ ಅಂಗಡಿ, ಮಬ್ಬು ಬೆಳಕು, ಗಾಜಿನ ಪೆಟ್ಟಿಗೆಯೊಳಗೆ ಹತ್ತಾರು ವಾಚು. ಅಂದ ಚೆಂದ ಬೇಕು ಅಂದ್ರೆ ಕಳ್ಳಸಾಗಣೆಯ ಫಾರಿನ್ ವಾಚು, ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಎಚ್‌ಎಂಟಿ ಕ್ವಾರ್ಟ್ಜ್ ತಂದಿದ್ದರೂ ತನ್ನ ಮುಖ್ಯ ಬಲವನ್ನೆಲ್ಲ ಕೀ ಕೊಡೋ ವಾಚಿನ ಮೇಲೇ ಇಟ್ಟಿತ್ತು. ಟೈಟನ್ ಕ್ವಾರ್ಟ್ಜನ್ನೇ ಮುಖ್ಯ ಸರಕು ಮಾಡಿತು. ವಿನ್ಯಾಸಗಳನ್ನು ಹೆಚ್ಚಿಸಿತು. ಬೆಳಕು ತುಂಬಿದ ಷೋರೂಂ ಮಾಡಿ ವಾಚನ್ನು ಕೈಗೆ ಕೊಟ್ಟು ತೋರಿಸಿತು. ಪತ್ರಿಕೆಯ ಜಾಹೀರಾತಿನಲ್ಲಿ ವಾಚುಗಳ ಚಿತ್ರವನ್ನೂ ಬೆಲೆಯನ್ನೂ ಸಾಲಾಗಿ ಹಾಕಿತು. ಸಮಯ ನೋಡುವ ಉಪಕರಣ ಉಡುಗೊರೆಯಾಯಿತು, ಉಡುಪಿನ ಭಾಗವಾಯಿತು. ಈ ಒಂದೊಂದೂ ಬೇರೆ ದೇಶದಲ್ಲೋ ಬೇರೆ ವ್ಯಾಪಾರದಲ್ಲೋ ಇದ್ದದ್ದೇ. ಎಲ್ಲಾ ಒಂದೇ ಕಡೆ ಸೇರಿದ್ದು ಹೊಸೂರಿನಲ್ಲಿ.

ಇನ್ನೊಂದು ವಿಷಯ ನಮ್ಮ ಜನಕ್ಕೆ ಸಂಬಂಧಪಟ್ಟದ್ದು. ವಾಚು ಜೋಡಿಸೋಕೆ ಅನುಭವಿ ಕೆಲಸಗಾರರೇ ಬೇಕು ಅಂತ ಕಾಯದೆ, ತಮಿಳುನಾಡಿನ ಜಿಲ್ಲೆಗಳ ಶಾಲೆಗಳಲ್ಲಿ ಆಗ ತಾನೆ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ಕಂಪನಿ ತರಬೇತಿ ಕೊಟ್ಟಿತು. ರಾಗಿ ಹೊಲದ ಮನೆಗಳ ಮಕ್ಕಳು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತರು.

ಇಬ್ಬರು ಕೂರುವ ಮೊಪೆಡ್

ಎರಡನೇ ಕಥೆ ನಿಮ್ಮೆಲ್ಲರ ಮನೆ ಮುಂದೆ ನಿಂತಿದೆ. ಇಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕೋಸಿನ ಚೀಲ, ಹೆಂಡತಿ ಮಗು, ಎಲ್ಲವನ್ನೂ ಹೊರೋ ಗಾಡಿ ಒಂದೇ. ಜನ ಅದಕ್ಕೆ 'ಟಿವಿಎಸ್' ಅಂತಾನೇ ಅಂತಾರೆ.

ಮೊಪೆಡ್ ಯೂರೋಪಿನ ಕಲ್ಪನೆ, ಮೋಟಾರು ಮತ್ತು ಪೆಡಲ್ಲು ಸೇರಿದ್ದು. ಭಾರತಕ್ಕೂ ಮೊದಲೇ ಬಂದಿತ್ತು. ತಿರುಪತಿಯಲ್ಲಿ ಫ್ರಾನ್ಸಿನ ಮೋಟೊಬೆಕಾನ್ ಕಂಪನಿಯ ವಿದ್ಯೆಯಿಂದ ಸುವೇಗಾ ತಯಾರಾಗ್ತಿತ್ತು. ಪುಣೆಯ ಕೈನೆಟಿಕ್‌ನವರ ಲೂನಾ 1972ರಲ್ಲಿ ಬಂತು, ಅದರ ಮೂಲ ಇಟಲಿಯ ಪಿಯಾಜಿಯೊ ಮಾದರಿ. ಟಿವಿಎಸ್ ಸಮೂಹದ ಸುಂದರಂ ಕ್ಲೇಟನ್ ಕಂಪನಿ ಹೊಸೂರಿನಲ್ಲಿ ಮೊಪೆಡ್ ವಿಭಾಗ ತೆರೆದಾಗ ಪೇಟೆಯಲ್ಲಿ ಜಾಗ ಖಾಲಿ ಏನೂ ಇರಲಿಲ್ಲ.

1980ರಲ್ಲಿ ಬಂದ ಟಿವಿಎಸ್ 50 ಗಾಡಿಯನ್ನು ಇಬ್ಬರು ಕೂರುವ ಭಾರತದ ಮೊದಲ ಮೊಪೆಡ್ ಅಂತ ಕಂಪನಿ ಹೇಳಿಕೊಂಡು ಬಂದಿದೆ. ಬದಲಾವಣೆ ಅಷ್ಟೇನಾ ಅನ್ನಿಸಬಹುದು. ಆದರೆ ನಮ್ಮಲ್ಲಿ ಗಾಡಿ ಕೊಳ್ಳೋದು ಒಬ್ಬ, ಓಡಾಡೋದು ಮನೆಮಂದಿಯೆಲ್ಲ. ಯೂರೋಪಿನಲ್ಲಿ ಒಬ್ಬ ವಿದ್ಯಾರ್ಥಿ ಕಾಲೇಜಿಗೆ ಹೋಗೋಕೆ ಮಾಡಿದ ಗಾಡಿ, ಇಲ್ಲಿ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಸಂತೆಗೆ ಹೋಗಬೇಕು. 50 ಸಿಸಿ ಎಂಜಿನ್ನಿನಿಂದ ಇಬ್ಬರ ಭಾರ ಎಳೆಸಬೇಕು, ಅದಕ್ಕೆ ತಕ್ಕ ಚೌಕಟ್ಟು, ಬ್ರೇಕು, ಸಸ್ಪೆನ್ಷನ್ನು ಬೇಕು. ಸೀಟು ಉದ್ದ ಮಾಡಿಬಿಟ್ಟರೆ ಮುಗಿಯೋ ಕೆಲಸ ಅಲ್ಲ. ನಮ್ಮ ರಸ್ತೆ, ನಮ್ಮ ಸಂಸಾರ, ನಮ್ಮ ಹೊರೆ ಗೊತ್ತಿದ್ದವರಿಗೆ ಮಾತ್ರ ಹೊಳೆಯೋ ಸುಧಾರಣೆ ಅದು. ಮೊದಲು ಬಂದ ಸುವೇಗಾ, ಲೂನಾ ಪೇಟೆಯಿಂದ ಸರಿದವು. ಆ ವಂಶದ ಎಕ್ಸ್‌ಎಲ್ ಇವತ್ತೂ ಓಡ್ತಾ ಇದೆ.

ಎರವಲು ವಿದ್ಯೆಯ ಅಪಾಯ

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಸಿಹಿಯಾಗಿಬಿಡುತ್ತೆ. ಸುಧಾರಣೆ ದಾರಿಯಲ್ಲೂ ಒಂದು ಗುಂಡಿ ಇದೆ. ಇನ್ನೊಬ್ಬರ ವಿದ್ಯೆಯ ಮೇಲೆ ನಿಂತವನು, ಅವರು ಹೊರಟ ದಿನ ಏನು ಮಾಡಬೇಕು?

1982ರಲ್ಲಿ ಟಿವಿಎಸ್ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1984ರಲ್ಲಿ 100 ಸಿಸಿ ಮೋಟಾರ್ ಸೈಕಲ್ ಹೊಸೂರಿನಿಂದ ಹೊರಬಂತು. ಸುಮಾರು ಎರಡು ದಶಕದ ಸಂಬಂಧ. 2001ರಲ್ಲಿ ಇಬ್ಬರೂ ಬೇರೆಯಾದರು. ವಿದ್ಯೆ ಕೊಟ್ಟವರು ಹೋದ ಮೇಲೆ ಇವರು ಮುಳುಗ್ತಾರೆ ಅಂತ ಅಂದುಕೊಂಡವರು ಇದ್ದರು. ಅದೇ ವರ್ಷ ತಮ್ಮವರೇ ವಿನ್ಯಾಸ ಮಾಡಿದ ವಿಕ್ಟರ್ ಬೈಕನ್ನು ಕಂಪನಿ ಪೇಟೆಗೆ ಬಿಟ್ಟಿತು. 2002ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನಿಂದಲೇ ಡೆಮಿಂಗ್ ಪ್ರಶಸ್ತಿ ಪಡೆಯಿತು. ಒಂದೇ ವರ್ಷದಲ್ಲಿ ಬೈಕು ಹುಟ್ಟೋದಿಲ್ಲ. ಅಂದ್ರೆ ಕೈ ಹಿಡಿದುಕೊಂಡಿರುವಾಗಲೇ ಸ್ವಂತ ಕಾಲ ಮೇಲೆ ನಿಲ್ಲೋದನ್ನ ಕಲೀತಾ ಇದ್ದರು.

ಟೈಟನ್ ಕೂಡ ಹೀಗೇ. ಫ್ರೆಂಚ್ ಸಹಕಾರದಿಂದ ಶುರು ಮಾಡಿದ ಕಂಪನಿ 2002ರಲ್ಲಿ ಎಡ್ಜ್ ಅನ್ನೋ ವಾಚು ತಂದಿತು. ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್, ನೀರು ತಾಗಿದರೂ ಕೆಡದು. ಅದರ ಯಂತ್ರವನ್ನು ಇಲ್ಲೇ ರೂಪಿಸಿದ್ದರು. ಮೊದಲ ದಿನ ಸ್ವಂತಿಕೆ ಇರಲಿಲ್ಲ, ಹದಿನೈದು ವರ್ಷ ಮಾಡುತ್ತಾ ಮಾಡುತ್ತಾ ಬಂತು. ನಮ್ಮ ಹುಡುಗರಿಂದ ನಾವು ಅದನ್ನ ಮೊದಲ ದಿನವೇ ಕೇಳ್ತೀವಿ.

18 ಕ್ಯಾರೆಟ್‌ನ ಪಾಠ

ಇದೇ ಊರಿನಲ್ಲಿ, ಇದೇ ಕಂಪನಿಯಲ್ಲಿ, ಹೊಸ ಕಲ್ಪನೆ ಸೋತದ್ದೂ ಇದೆ. ಅದನ್ನೂ ನೋಡಲೇಬೇಕು.

1990ರ ದಶಕದಲ್ಲಿ ಟೈಟನ್ ಹೊಸೂರಿನಲ್ಲಿ ಒಡವೆ ಕಾರ್ಖಾನೆ ಹಾಕಿ ತನಿಷ್ಕ್ ಶುರು ಮಾಡಿತು. ಮೊದಲಿಗೆ ಮಾಡಿದ್ದು ಯೂರೋಪಿನ ಮಾದರಿಯ 18 ಕ್ಯಾರೆಟ್ ಒಡವೆ. ನಮ್ಮಲ್ಲಿ ಅಂಥದ್ದು ಇರಲಿಲ್ಲ, ಹಾಗಾಗಿ ನಿಜವಾಗಿಯೂ ಹೊಸದು. ವಿನ್ಯಾಸ ಸೊಗಸು, ಅಂಗಡಿ ಸೊಗಸು. ಜನ ನೋಡಿ ಹೊರಟು ಹೋದರು. ಯಾಕೆ? 18 ಕ್ಯಾರೆಟ್ ಅಂದ್ರೆ ನೂರಕ್ಕೆ 75 ಭಾಗ ಚಿನ್ನ, 22 ಅಂದ್ರೆ ಸುಮಾರು 91.6. ನಮ್ಮ ಮನೆಗಳಲ್ಲಿ ಚಿನ್ನ ಬರೀ ಅಲಂಕಾರ ಅಲ್ಲ. ಮಗಳ ಮದುವೆ, ಬೋರ್‌ವೆಲ್ಲು, ಆಸ್ಪತ್ರೆ ಖರ್ಚು, ಎಲ್ಲಕ್ಕೂ ಗಿರವಿ ಅಂಗಡಿಗೆ ಹೋಗೋದು ಅದೇ ಸರ. 'ಕರಗಿಸಿದರೆ ಎಷ್ಟು ಬರುತ್ತೆ?' ಅನ್ನೋದು ಅಜ್ಜಿ ಕೇಳುವ ಮೊದಲ ಪ್ರಶ್ನೆ. ಹೊಸ ಕಲ್ಪನೆಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ನಷ್ಟ ಅನುಭವಿಸಿದ ಮೇಲೆ ಕಂಪನಿ 22 ಕ್ಯಾರೆಟ್‌ಗೆ ಬಂತು. ಹಳೆ ವ್ಯಾಪಾರದ ನಿಜವಾದ ನೋವು ಎಲ್ಲಿದೆ ಅಂತ ಹುಡುಕಿತು. ನೋವು ಇದ್ದದ್ದು ನಂಬಿಕೆಯಲ್ಲಿ. ಅಂಗಡಿಯವರು 22 ಅಂತ ಕೊಟ್ಟ ಒಡವೆ ನಿಜವಾಗಿಯೂ 22 ಇದೆಯಾ? ಒರೆಗಲ್ಲಿಗೆ ಉಜ್ಜಿ ಅವರು ಹೇಳಿದ್ದೇ ವೇದ. ಆಗ ಎಕ್ಸ್-ಕಿರಣದಿಂದ ಚಿನ್ನದ ಶುದ್ಧತೆ ಅಳೆಯುವ ಯಂತ್ರವನ್ನು ಅಂಗಡಿಗಳಲ್ಲಿ ಇಟ್ಟು, ಅದಕ್ಕೆ ಕ್ಯಾರೆಟ್‌ಮೀಟರ್ ಅಂತ ಹೆಸರಿಟ್ಟರು. ಒಡವೆ ಕರಗಿಸದೆ, ಕೆರೆಯದೆ, ಗಿರಾಕಿಯ ಕಣ್ಣ ಮುಂದೆಯೇ ಅಳತೆ. ಆ ಯಂತ್ರ ಪ್ರಯೋಗಾಲಯಗಳಲ್ಲಿ ಮೊದಲೇ ಇತ್ತು. ಒಡವೆ ಅಂಗಡಿಯ ಮುಂಗಟ್ಟೆಗೆ ತಂದಿದ್ದು ಸುಧಾರಣೆ.

ಅಪ್ಪಟ ಹೊಸದು ಕೊಳ್ಳುವವರ ಬದುಕಿಗೆ ಹೊರಗಿನಿಂದ ಬಂತು, ಸೋತಿತು. ಸುಧಾರಣೆ ಅವರ ಅನುಮಾನದ ಒಳಗಿಂದ ಹುಟ್ಟಿತು, ಗೆದ್ದಿತು. ನಾನು ಇವತ್ತು ಹೇಳಬೇಕಾದ ಒಂದೇ ಮಾತು ಇದು: ಕಲ್ಪನೆ ಎಷ್ಟು ಹೊಸದು ಅನ್ನೋದಕ್ಕಿಂತ, ಅದು ಯಾರ ಯಾವ ತೊಂದರೆಯನ್ನ ಎಷ್ಟು ಹತ್ತಿರದಿಂದ ನೋಡಿದೆ ಅನ್ನೋದು ಮುಖ್ಯ.

ಸಂಘದಿಂದ ಕಂಪನಿಗೆ

ಇವೆಲ್ಲ ದೊಡ್ಡ ಬಂಡವಾಳದವರ ಮಾತು. ಸಣ್ಣವರ ಒಂದು ಉದಾಹರಣೆ ಕೊಡ್ತೀನಿ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡಾ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿತು. 1980ರ ದಶಕದ ಮಧ್ಯದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ತಮಗೆ ನಂಬಿಕೆ ಇದ್ದವರೊಂದಿಗೆ ಸಣ್ಣ ಸಣ್ಣ ಗುಂಪುಗಳಾಗಿ ಸೇರಿದ್ದನ್ನ ಅವರು ಗಮನಿಸಿದರು. ಸಹಕಾರ ಸಂಘ ಇತ್ತು, ಚೀಟಿ ಇತ್ತು. ಎರಡರ ಒಳ್ಳೆಯದನ್ನು ಉಳಿಸಿಕೊಂಡ ಗುಂಪೇ ಸ್ವಸಹಾಯ ಸಂಘ. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು.

ನಮ್ಮ ಈ ಭಾಗದಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1990ರ ದಶಕದಲ್ಲಿ ಸಂಘದ ಹೆಣ್ಣುಮಕ್ಕಳೇ ಪಾಲುದಾರರಾಗಿ ಮೆಡೋ ಅನ್ನೋ ಕಂಪನಿ ಕಟ್ಟಿದರು. ಟೈಟನ್ ವಾಚಿನ ಲೋಹದ ಪಟ್ಟಿಯ ಕೊಂಡಿಗಳನ್ನು ಜೋಡಿಸುವಂಥ ಕೆಲಸ ಪಡೆದರು. ಒಬ್ಬ ಗುತ್ತಿಗೆದಾರ ಮಧ್ಯೆ ನಿಂತು ಕೂಲಿ ಹಂಚುವ ಬದಲು, ಕೆಲಸ ಮಾಡೋರೇ ಕಂಪನಿಯ ಮಾಲೀಕರು. ಹೊರಗುತ್ತಿಗೆ ಹಳೇದು, ಸಂಘ ಹಳೇದು, ಕಂಪನಿ ಕಾನೂನು ಹಳೇದು. ಲಾಭ ಯಾರಿಗೆ ಸೇರಬೇಕು ಅನ್ನೋದನ್ನು ಮಾತ್ರ ಬದಲಿಸಿದರು. ನನ್ನ ಪ್ರಕಾರ ಇವತ್ತು ಹೇಳಿದ ಸುಧಾರಣೆಗಳಲ್ಲಿ ಅತ್ಯಂತ ಧೈರ್ಯದ್ದು ಇದು.

ಚರ್ಚೆಯಿಂದ

ಹೊಸೂರಿನಲ್ಲಿ ಬಿಡಿಭಾಗ ಘಟಕ ನಡೆಸುವ ಒಬ್ಬರು: 'ಸರ್, ಟಾಟಾ ಹತ್ರ ದುಡ್ಡಿತ್ತು, ಟಿವಿಎಸ್ ಹತ್ರ ಹೆಸರಿತ್ತು. ಸರ್ಕಾರ ಪಾಲುದಾರ ಆಗಿತ್ತು. ನಮ್ಮಂಥವರು ಸುಧಾರಣೆ ಮಾಡಿದರೆ ದೊಡ್ಡವರು ಮರುದಿನ ಅದನ್ನೇ ಮಾಡ್ತಾರಲ್ಲ?'

ನಿಮ್ಮ ಮಾತು ಸರಿ, ಅದನ್ನ ತಳ್ಳಿಹಾಕೋಕೆ ಆಗೋದಿಲ್ಲ. ಬಂಡವಾಳ ಇದ್ದವರಿಗೆ ಸೋಲೂ ಒಂದು ಪಾಠ, ಇಲ್ಲದವರಿಗೆ ಸೋಲು ಅಂದ್ರೆ ಜಮೀನು. 18 ಕ್ಯಾರೆಟ್‌ನ ನಷ್ಟ ತಡೆದುಕೊಳ್ಳೋ ಶಕ್ತಿ ನಮಗಿಲ್ಲ. ಅದಕ್ಕೇ ಸಣ್ಣವರಿಗೆ ಸುಧಾರಣೆಯ ದಾರಿ ಹೆಚ್ಚು ಸುರಕ್ಷಿತ ಅಂತೀನಿ. ಕೃಷ್ಣಗಿರಿಯ ಮಾವು ನೋಡಿ. ತೋತಾಪುರಿ, ನಾವು ಗಿಣಿಮೂತಿ ಅಂತೀವಿ. ತಿನ್ನೋರು ಬಾದಾಮಿ, ಮಲಗೋಬ ಹುಡುಕ್ತಾರೆ, ಇದಕ್ಕೆ ಅಷ್ಟು ಮರ್ಯಾದೆ ಇಲ್ಲ. ಆದರೆ ತಿರುಳು ತೆಗೆಯೋ ಕಾರ್ಖಾನೆಗೆ ಇದೇ ಬೇಕು. ಇಳುವರಿ ಹೆಚ್ಚು, ಸಿಪ್ಪೆ ಗಟ್ಟಿ, ಸಿಹಿ ಹಣ್ಣಿನ ತಿರುಳಿನ ಜೊತೆ ಬೆರೆಯುತ್ತೆ. ಅದೇ ಹಣ್ಣು, ಬಳಕೆ ಬೇರೆ. ಜಿಲ್ಲೆಯಲ್ಲಿ ತಿರುಳು ಉದ್ಯಮ ಬೆಳೆದದ್ದು ಹೀಗೆ. ದೊಡ್ಡವರು ನಿಮ್ಮ ಸರಕನ್ನು ನಕಲು ಮಾಡಬಹುದು. ನಿಮ್ಮ ಗಿರಾಕಿ ಜೊತೆ ನಿಮಗಿರೋ ಹತ್ತಿರವನ್ನ ನಕಲು ಮಾಡೋದು ಅಷ್ಟು ಸುಲಭ ಅಲ್ಲ.

ಒಬ್ಬ ವಿದ್ಯಾರ್ಥಿ: 'ಹಾಗಾದ್ರೆ ಕಾಪಿ ಹೊಡೆದ್ರೆ ತಪ್ಪಿಲ್ಲ ಅಂತೀರಾ ಸರ್?'

(ನಗು) ಇಲ್ಲಪ್ಪ. ನಾನು ಹೇಳಿದ ಕಂಪನಿಗಳು ಒಪ್ಪಂದ ಮಾಡಿಕೊಂಡು, ಹಣ ಕೊಟ್ಟು ವಿದ್ಯೆ ತಂದವು. ನಮ್ಮ ಗುಲಾಬಿ ಬೆಳೆಗಾರರೂ ಹೊರಗಿನ ತಳಿ ಬೆಳೆಯುವಾಗ ತಳಿ ಮಾಡಿದವರ ಹಕ್ಕನ್ನು ನೆನಪಿಡಬೇಕಾಗುತ್ತೆ. ಇನ್ನೊಬ್ಬರ ಹೆಸರು ಹಾಕಿ ಮಾರೋದು ಕಳ್ಳತನ. ಇನ್ನೊಬ್ಬರು ಮಾಡಿದ್ದನ್ನೇ ಏನೂ ಸೇರಿಸದೆ ಮಾಡೋದು ಕಳ್ಳತನ ಅಲ್ಲದಿರಬಹುದು, ಆದರೆ ಕೊನೆಗೆ ಬೆಲೆ ಇಳಿಸೋ ಜಗಳ ಮಾತ್ರ ಉಳಿಯುತ್ತೆ. ಇದ್ದದ್ದರಲ್ಲಿ ಏನು ಸರಿ ಇಲ್ಲ ಅಂತ ಗೊತ್ತಿದ್ದು, ಅದನ್ನ ಸರಿ ಮಾಡಿ, ಎಲ್ಲಿಂದ ಕಲಿತೆ ಅಂತ ಒಪ್ಪಿಕೊಳ್ಳೋದು ಸುಧಾರಣೆ.

ಬೆಂಗಳೂರಿನಿಂದ ಒಬ್ಬರು: 'ನಮ್ಮ ತಂದೆ ಎಚ್‌ಎಂಟಿಯಲ್ಲಿದ್ದರು. ನೀವು ಸುಧಾರಣೆಯನ್ನ ಹೊಗಳ್ತೀರಿ. ಅದರ ಬೆಲೆ ತೆತ್ತೋರು ಯಾರು ಅಂತ ಯಾಕೆ ಹೇಳಲ್ಲ?'

ಹೇಳಲೇಬೇಕಾದ ಮಾತು, ನೀವೇ ನೆನಪಿಸಿದ್ದು ಒಳ್ಳೇದಾಯ್ತಮ್ಮ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ ತೆಗೆದುಕೊಂಡಿತು. ಅದಕ್ಕೆ ಟೈಟನ್ ಒಂದೇ ಕಾರಣ ಅನ್ನೋದು ನ್ಯಾಯ ಅಲ್ಲ. ಆದರೂ ಒಬ್ಬರ ಸುಧಾರಣೆಯಿಂದ ಇನ್ನೊಬ್ಬರ ಕೈಕೆಲಸ ಹೋಗೋದು ನಿಜ. ನಿಮ್ಮ ತಂದೆಯವರಂಥವರು ಕಲಿತ ವಿದ್ಯೆ ಗಡಿ ದಾಟಿ ಹೊಸೂರಿಗೂ ಬಂತು, ಆದರೆ ಎಲ್ಲಾ ಕೆಲಸಗಾರರೂ ಆ ವಿದ್ಯೆಯ ಜೊತೆ ಬರೋಕೆ ಆಗಲಿಲ್ಲ. 1961ರಲ್ಲಿ ಸುಧಾರಣೆ ಮಾಡಿದ ಸಂಸ್ಥೆಗೆ 1980ರ ದಶಕದಲ್ಲಿ ಮತ್ತೆ ಬದಲಾಗೋಕೆ ಆಗಲಿಲ್ಲ. ಅದು ಕೆಲಸಗಾರರ ತಪ್ಪಲ್ಲ, ಬೆಲೆ ಕೊಟ್ಟೋರು ಮಾತ್ರ ಅವರೇ. ಇವತ್ತು ಪೆಟ್ರೋಲು ಗಾಡಿಯಿಂದ ಬ್ಯಾಟರಿ ಗಾಡಿಗೆ ಹೊರಳ್ತಾ ಇರೋ ಹೊಸೂರಿನವರೂ ಈ ಪಾಠ ಓದಬೇಕು.

ಕೊನೆಯದಾಗಿ

ತಳಿಯ ಹುಡುಗಿಗೆ ಆ ದಿನ ಬೇರೆ ಪ್ರಶ್ನೆಗಳನ್ನು ಕೇಳಬಹುದಿತ್ತು. ಈಗ ಅಂಗಡಿಯಲ್ಲಿ ಸಿಗೋ ಹುರಿಹಿಟ್ಟಿನಲ್ಲಿ ಏನು ಸರಿ ಇಲ್ಲಮ್ಮ? ಅದು ಯಾರಿಗೆ ತೊಂದರೆ ಕೊಡ್ತಾ ಇದೆ? ನಿಮ್ಮ ಅಜ್ಜಿಗೆ ಗೊತ್ತಿರೋದು, ಆ ಕಂಪನಿಗೆ ಗೊತ್ತಿಲ್ಲದ್ದು ಏನು? ಈ ಪ್ರಶ್ನೆ ಕೇಳಿದ್ದರೆ ಅವಳ ಹತ್ತಿರ ಖಂಡಿತ ಉತ್ತರ ಇರ್ತಿತ್ತು. ಯಾವ ತಳಿಯ ರಾಗಿ, ಎಷ್ಟು ಹೊತ್ತು ನೆನೆಯಬೇಕು, ಯಾವ ಹದಕ್ಕೆ ಹುರೀಬೇಕು, ಸಕ್ಕರೆ ಸುರಿದು ರುಚಿ ತರೋದು ಯಾಕೆ ಬೇಡ, ಇದೆಲ್ಲ ಅವಳು ನನಗೆ ಅರ್ಧ ಗಂಟೆ ಹೇಳಿದ್ದಳು. ಅವಳಲ್ಲಿ ಸ್ವಂತಿಕೆ ಇತ್ತು. ಕೇಳಿದವರು ಅದನ್ನ ತಪ್ಪು ಜಾಗದಲ್ಲಿ ಹುಡುಕಿದರು.

ಮೂಲ ಸಂಶೋಧನೆ ಬೇಡ ಅಂತ ಯಾರೂ ಅರ್ಥ ಮಾಡ್ಕೊಳ್ಳಬೇಡಿ. ಕ್ವಾರ್ಟ್ಜ್ ಕಂಡುಕೊಂಡೋರು ಇಲ್ಲದಿದ್ದರೆ ಟೈಟನ್ ಇಲ್ಲ. ಆ ಕೆಲಸಕ್ಕೆ ಪ್ರಯೋಗಾಲಯ ಬೇಕು, ವರ್ಷಗಟ್ಟಲೆ ಸಂಬಳ ಬೇಕು. ಇಪ್ಪತ್ತೆರಡು ವರ್ಷದ, ಸಾಲ ಮಾಡಿ ಅಂಗಡಿ ತೆರೆಯೋಕೆ ಹೊರಟ ಹುಡುಗಿಯಿಂದ ಅದನ್ನ ಕೇಳೋದು ಸರಿಯಲ್ಲ. ಅವಳಿಂದ ಕೇಳಬೇಕಾದ್ದು, ಇದ್ದದ್ದನ್ನ ಗಮನ ಇಟ್ಟು ನೋಡಿದೀಯಾ ಅನ್ನೋದು.

ಆ ಹುಡುಗಿ ಇವತ್ತು ಈ ಸಭೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ಆ ಹುರಿಹಿಟ್ಟಿನ ಯೋಜನೆಯ ಕಡತವನ್ನ ಮತ್ತೆ ತೆಗೆಯಮ್ಮ. ನಾನು ಕೂತು ಓದ್ತೀನಿ.